ಸರ್, ಒಂದ್ಸಲ ನೋಡೋಣ್ವಾ?

ಆಪರೇಷನ್ ಥಿಯೇಟರ್ ಅಂದ ತಕ್ಷಣ ನಿಮಗೆ ನೆನಪಾಗೋದು ಬಹುಶಃ ಸಿನಿಮಾದ್ದೇ ದೃಶ್ಯ. ಹೊರಗೆ ಕೆಂಪು ಲೈಟು, ಒಳಗೆ ಒಬ್ಬ ಡಾಕ್ಟರು. ಅವರು ಕೈ ಚಾಚುತ್ತಾರೆ, ಯಾರೋ ಕತ್ತರಿ ಕೊಡುತ್ತಾರೆ. ಉಳಿದವರಿಗೆ ಡೈಲಾಗೇ ಇಲ್ಲ. ನಿಜದಲ್ಲಿ ಒಂದು ಸಾಧಾರಣ ಆಪರೇಷನ್ನಿಗೂ ನಾವು ಐದಾರು ಜನ ಇರುತ್ತೇವೆ: ಸರ್ಜನ್, ಅಸಿಸ್ಟ್ ಮಾಡುವ ಪಿಜಿ, ಅನಸ್ತೇಶಿಯಾ ಡಾಕ್ಟರು, ಇಬ್ಬರು ಸಿಸ್ಟರ್‌ಗಳು, ಅಟೆಂಡರ್. ಇವರಲ್ಲಿ ಯಾರ ಕಣ್ಣಿಗೆ ಬೇಕಾದರೂ ಉಳಿದವರಿಗೆ ಕಾಣದ್ದು ಬೀಳಬಹುದು. ಕಂಡದ್ದನ್ನು ಬಾಯಿಬಿಟ್ಟು ಹೇಳ್ತಾರಾ ಅನ್ನೋದೇ ಪ್ರಶ್ನೆ.

ಎಂಎಸ್ ಓದುವಾಗ ನಾನು ಇಬ್ಬರು ಯೂನಿಟ್ ಚೀಫ್‌ಗಳ ಕೈಕೆಳಗೆ ಕೆಲಸ ಮಾಡಿದೆ. ಮೊದಲನೆಯವರ ಕೈಚಳಕ ನೋಡೋಕೆ ಬೇರೆ ಯೂನಿಟ್ಟಿನವರೂ ಬಂದು ನಿಲ್ಲುತ್ತಿದ್ದರು. ಆದರೆ ಕೊಟ್ಟ ಫೋರ್ಸೆಪ್ಸ್ ಸರಿಯಿಲ್ಲ ಅನ್ನಿಸಿದರೆ ಅದು ನೆಲಕ್ಕೆ ಬೀಳುತ್ತಿತ್ತು, ಹಿಂದೆಯೇ ಬೈಗುಳ. ಅವರ ಥಿಯೇಟರಿನಲ್ಲಿ ನಾವೆಲ್ಲ ಒಂದು ವಿಚಿತ್ರ ಭಾಷೆ ಕಲಿತೆವು. ರಕ್ತ ಒಸರುತ್ತಿರುವುದು ಕಂಡರೂ "ಸರ್, ಬ್ಲೀಡ್ ಆಗ್ತಿದೆ" ಅನ್ನುತ್ತಿರಲಿಲ್ಲ. "ಸರ್, ಒಂದ್ಸಲ ನೋಡೋಣ್ವಾ?" ಅನ್ನುತ್ತಿದ್ದೆವು, ಅದೂ ಮಾಸ್ಕಿನೊಳಗೇ. ದೊಡ್ಡವರಿಗೆ ಎದುರಾಡಬಾರದು ಅಂತ ಮನೆಯಲ್ಲಿ ಕಲಿತದ್ದಕ್ಕೆ ಹೆದರಿಕೆಯೂ ಸೇರಿದರೆ ಇಂಥ ಭಾಷೆಯೇ ಹುಟ್ಟೋದು.

ಎರಡನೆಯ ಚೀಫ್ ಅಂಥ ವೇಗದ ಕೈಯವರಲ್ಲ. ಒಂದು ರಾತ್ರಿ ಕರುಳು ತೂತಾಗಿದ್ದ ರೋಗಿಯ ಹೊಟ್ಟೆ ಮುಚ್ಚಲು ಶುರುಮಾಡಿದ್ದೆವು. ಕೆಲಸಕ್ಕೆ ಸೇರಿ ತಿಂಗಳೂ ಆಗಿರದ ಸಿಸ್ಟರ್, "ಸರ್, ಮಾಪ್ ಒಂದು ಕಮ್ಮಿ ಬರ್ತಿದೆ" ಅಂದರು. ಅತ್ತ ಅನಸ್ತೇಶಿಯಾದವರು, "ಬಿಪಿ ಇಳೀತಿದೆ, ಬೇಗ ಮುಗಿಸಿ" ಅಂತಿದ್ದಾರೆ. ಚೀಫ್ ಸೂಜಿ ಕೆಳಗಿಟ್ಟರು. "ಎಷ್ಟು ಹೊತ್ತು ಕೊಡ್ತೀರಿ?" ಎಂದು ಅವರನ್ನು ಕೇಳಿದರು. "ಐದು ನಿಮಿಷ." "ಸರಿ, ಹುಡುಕೋಣ." ಲಿವರಿನ ಮೇಲ್ಗಡೆ, ರಕ್ತದಲ್ಲಿ ನೆನೆದು ಗುರುತೇ ಸಿಗದಂತೆ ಮುದುಡಿ ಕೂತಿತ್ತು ಆ ಮಾಪ್. ಮರುದಿನ ರೌಂಡ್ಸಿನಲ್ಲಿ ರೋಗಿಯ ಮಂಚದ ಬಳಿ ನಿಂತು ಅವರು ನಮಗೆ ಹೇಳಿದ್ದು ಇಷ್ಟೇ: "ನಿನ್ನೆ ಇವರನ್ನು ಉಳಿಸಿದ್ದು ಆ ಸಿಸ್ಟರ್."

ಇದು ನಮ್ಮಲ್ಲಿ ಮಾತ್ರದ ಕಥೆಯಲ್ಲ. 2005ರಲ್ಲಿ ಇಂಗ್ಲೆಂಡಿನಲ್ಲಿ ಮಾರ್ಟಿನ್ ಬ್ರೋಮಿಲಿ ಎಂಬ ಪೈಲಟ್‌ನ ಹೆಂಡತಿ ಸೈನಸ್‌ನ ಮಾಮೂಲಿ ಆಪರೇಷನ್ನಿಗೆಂದು ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಅನುಭವಿ ಡಾಕ್ಟರುಗಳು ಗಂಟಲಿನಿಂದ ಟ್ಯೂಬ್ ಹಾಕಲು ಪ್ರಯತ್ನಿಸುತ್ತಲೇ ಇದ್ದರು. ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಾಮಾನನ್ನು ಅಷ್ಟರಲ್ಲೇ ತಂದಿಟ್ಟಿದ್ದ ನರ್ಸ್, ಅದು ಸಿದ್ಧವಿದೆ ಎಂದೂ ಹೇಳಿದ್ದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಕೆ ಬದುಕಲಿಲ್ಲ. ವಿಮಾನದಲ್ಲಿ ಕೋಪೈಲಟ್ ಮಾತಾಡದಿದ್ದರೆ ಏನಾಗುತ್ತದೆಂದು ಬಲ್ಲ ಬ್ರೋಮಿಲಿ, ಆಮೇಲೆ ಈ ವಿಷಯಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ಅರಿವಳಿಕೆಗೆ ಮುಂಚೆ, ಕತ್ತರಿಸುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಎಲ್ಲರೂ ಒಂದು ಕ್ಷಣ ನಿಲ್ಲಬೇಕು. ತಂಡದವರು ತಮ್ಮ ಹೆಸರು, ಕೆಲಸ ಹೇಳಬೇಕು. ದೆಹಲಿಯೂ ಸೇರಿ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಆದರೆ ಕೆನಡಾದ ಒಂಟಾರಿಯೊದಲ್ಲಿ ಚೆಕ್‌ಲಿಸ್ಟ್ ಬಂದ ಮೇಲೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ ಅಂತ 2014ರಲ್ಲಿ ಇನ್ನೊಂದು ವರದಿ ಬಂತು. ಕಾರಣ ಏನೆಂದು ಇನ್ನೂ ಜಗಳ ನಡೆದಿದೆ. ನನಗನ್ನಿಸೋದು ಇಷ್ಟು: ಹಾಳೆ ಮೇಲೆ ಟಿಕ್ ಹಾಕೋದು ಯಾರಿಗೂ ಬರುತ್ತೆ, ಇನ್ನೊಬ್ಬರ ಬಾಯಿಗೆ ಮಾತು ತರಿಸೋದನ್ನು ಕಲೀಬೇಕು.

ಕಲಿಸೋದು ಎಲ್ಲಿ ಹೇಳಿ? ನಮ್ಮ ಲಾಗ್‌ಬುಕ್ಕಿನಲ್ಲಿ ಎಷ್ಟು ಹರ್ನಿಯಾ, ಎಷ್ಟು ಅಪೆಂಡಿಕ್ಸ್ ಅಂತ ಬರೆಸಿದರು. ತಂಡ ನಡೆಸೋದಕ್ಕೆ ಯಾರೂ ಮಾರ್ಕ್ಸ್ ಕೊಡಲಿಲ್ಲ. ಸ್ಕಾಟ್ಲೆಂಡಿನವರು ಇದಕ್ಕೂ ಒಂದು ಅಳತೆಗೋಲು ಮಾಡಿದ್ದಾರೆ, ಹೆಸರು ನಾಟ್ಸ್. ಅದರ ನಾಲ್ಕು ಭಾಗಗಳಲ್ಲಿ ನಾಯಕತ್ವವೂ ಒಂದು. ಅಲ್ಲಿ ನೋಡೋದು ಮೂರು ವಿಷಯ: ಶಿಸ್ತು ಕಾಪಾಡುವುದು, ಜೊತೆಯವರಿಗೆ ಒತ್ತಾಸೆಯಾಗುವುದು, ಒತ್ತಡ ತಾಳಿಕೊಳ್ಳುವುದು. ಓದಿದಾಗ ನನಗೆ ಆ ಐದು ನಿಮಿಷ ಕಣ್ಣಿಗೆ ಕಟ್ಟಿತು. ನಮ್ಮ ಎರಡನೆಯ ಚೀಫ್ ಅಷ್ಟರಲ್ಲಿ ಮೂರನ್ನೂ ಮಾಡಿ ತೋರಿಸಿದ್ದರು.

ಈಗ ನನ್ನ ಜೊತೆಗೂ ಪಿಜಿಗಳಿದ್ದಾರೆ. ಚೆಕ್‌ಲಿಸ್ಟ್ ಓದೋದು ಎಲ್ಲರಿಗಿಂತ ಚಿಕ್ಕವರ ಕೆಲಸ, ಅವರು ಓದಿ ಮುಗಿಸೋವರೆಗೂ ನಾನು ಕೈ ಕಟ್ಟಿ ನಿಲ್ಲಬೇಕು. "ನೋಡೋಣ್ವಾ" ಅನ್ನೋ ಹಾಗಿಲ್ಲ, ಏನು ಕಂಡಿತೋ ಅದನ್ನೇ ನೇರವಾಗಿ ಹೇಳಬೇಕು. ಮೊನ್ನೆ ಮೊದಲ ವರ್ಷದ ಹುಡುಗಿಯೊಬ್ಬಳು ಓದುತ್ತಾ ನಿಲ್ಲಿಸಿ, "ಸರ್, ಮಾರ್ಕ್ ಬಲಗಡೆ ಇದೆ, ಕೇಸ್ ಶೀಟಿನಲ್ಲಿ ಎಡ ಅಂತಿದೆ" ಅಂದಳು. ರೋಗಿ ಇನ್ನೂ ಎಚ್ಚರವಾಗೇ ಇದ್ದರು. ಅವರನ್ನೇ ಕೇಳಿದೆವು, ಮತ್ತೆ ಪರೀಕ್ಷೆ ಮಾಡಿದೆವು. ಮಾರ್ಕ್ ಸರಿಯಿತ್ತು, ಶೀಟಿನಲ್ಲಿ ಬರೆದದ್ದು ತಪ್ಪು. ಹತ್ತು ನಿಮಿಷ ತಡವಾಯಿತು, ಮುಂದಿನ ಕೇಸಿನವರು ಗೊಣಗಿದರು.

"ಸಾರಿ ಸರ್" ಅಂದಳು ಆಕೆ.

"ಸಾರಿ ಯಾಕಮ್ಮಾ? ನಾಳೆನೂ ಹೀಗೇ ಕೇಳು" ಅಂದೆ.