ಕುರ್ಲದಜ್ಜನನ್ನು ಹುಡುಕುತ್ತ

ನಮ್ಮ ಮನೆಯಲ್ಲಿ ಒಬ್ಬರಿಗೆ ಊರೇ ಹೆಸರಾಗಿತ್ತು. 'ಕುರ್ಲದಜ್ಜ' ಎಂದರೆ ಅಮ್ಮನ ಅಜ್ಜಿಯ ಅಣ್ಣ. ಹದಿನೆಂಟರ ಪ್ರಾಯದಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಗೆ ಬಂದವರು ತಿರುಗಿ ಊರು ಕಾಣಲಿಲ್ಲ. ಉಳಿದಿರುವುದು ಮನಿಯಾರ್ಡರಿನ ಒಂದು ಚೂರು: ನಾಲ್ಕು ರೂಪಾಯಿ, 1918ರ ಆಗಸ್ಟ್, ಕುರ್ಲಾ ಅಂಚೆಯ ಮುದ್ರೆ. 1949ರ ಅಳಿಯಸಂತಾನ ಕಾಯಿದೆ ಬಂದ ಮೇಲೆ ನಮ್ಮ ಕುಟುಂಬ ಪಾಲಾಯಿತು. ಆ ಪಾಲುಪತ್ರದಲ್ಲಿ ಅವರ ಹೆಸರಿಲ್ಲ. ಸತ್ತರೆಂದೂ ಬರೆದಿಲ್ಲ, ಇದ್ದಾರೆಂದೂ ಬರೆದಿಲ್ಲ.

ಹಿರಿಯರಿಗೆ ಎಲೆ ಹಾಕಿ ಬಡಿಸುವ ದಿನ ಅವರಿಗೆ ಎಲೆ ಹಾಕುವ ಪದ್ಧತಿಯೂ ಇಲ್ಲ. "ಅಣ್ಣ ಬರುತ್ತಾನೆ, ಹಾಕಬೇಡಿ" ಎಂದು ಅಜ್ಜಿ ತಡೆಯುತ್ತಿದ್ದರಂತೆ. ಅವರು ಹೋದ ಮೇಲೂ ಅದೇ ಅಭ್ಯಾಸ ನಡೆದು ಬಂತು. "ಯಾವಾಗ ಹೋದರು ಎಂದಾದರೂ ನೋಡು ಮಗಾ, ನೀನು ದಿನಾ ಕಡತ ನೋಡುವವನಲ್ಲವೇ?" ಎಂದು ಅಮ್ಮ ಹೇಳಿದಾಗ ನಾನು ಒಪ್ಪಿಕೊಂಡೆ. ಗುಮಾಸ್ತನಾದವನಿಗೆ ಇಂಥ ಮಾತು ಬೇಗ ತಾಗುತ್ತದೆ.

ಮೊದಲು ಮಾಡಿದ್ದೇ ತಪ್ಪು. ಮುಂಬಯಿ ನಗರದ ಹಳೆಯ ಲೆಕ್ಕಗಳಲ್ಲಿ ಹುಡುಕಿ ಎರಡು ರಜೆ ಕಳೆದೆ. ಆ ಕಾಲದಲ್ಲಿ ಕುರ್ಲಾ ಮುಂಬಯಿಯೇ ಆಗಿರಲಿಲ್ಲ! ಸಾಲ್ಸೆಟ್ಟಿಗೆ, ಠಾಣೆ ಜಿಲ್ಲೆಗೆ ಸೇರಿದ ಊರದು. ಉಪನಗರ ಜಿಲ್ಲೆಯಾದದ್ದು 1920ರಲ್ಲಿ. ಮಹಾನಗರಪಾಲಿಕೆಗೆ ಸೇರಿದ್ದು 1950ರಲ್ಲಿ. ನಮ್ಮ ಊರವರು ಮಾತ್ರ ಅಂದಿನಿಂದಲೂ ಎಲ್ಲಕ್ಕೂ 'ಬೊಂಬಾಯಿ' ಎಂದೇ ಅನ್ನುತ್ತಾರೆ.

ಒಂದು ಭಾನುವಾರ ಸುಮ್ಮನೆ ಕುರ್ಲಾದಲ್ಲಿ ಇಳಿದು ನಡೆದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ರೈಲು ಹೋದ ದಾರಿಯಿದು. ಏಡಿಗೆ ಮರಾಠಿಯಲ್ಲಿ 'ಕುರ್ಲಿ' ಎನ್ನುತ್ತಾರೆ; ಊರಿನ ಹೆಸರು ಅದರಿಂದಲೇ ಬಂತೆಂದು ಹೇಳುವುದುಂಟು. ಮೀಠಿ ನದಿಯನ್ನು ಈಗ ನೋಡಿದವರಿಗೆ ಏಡಿಯ ನೆನಪು ಬರುವುದು ಕಷ್ಟ. ಜೆಮ್‌ಷೇಟ್‌ಜಿ ಟಾಟಾ 1886ರಲ್ಲಿ ಕೊಂಡು 'ಸ್ವದೇಶಿ' ಎಂದು ಹೆಸರಿಟ್ಟ ಗಿರಣಿ ಇಲ್ಲಿಯದೇ. ಅಜ್ಜ ಗಿರಣಿಗೆ ಸೇರಿದ್ದರೆಂದು ಮನೆಯ ಮಾತು. ಯಾವ ಗಿರಣಿಯೆಂದು ಮಾತಿಲ್ಲ. ಸ್ವದೇಶಿ ಗಿರಣಿ ಮುಚ್ಚಿ ವರ್ಷಗಳಾದವು. ಗೋಡೆಯ ಪಕ್ಕದಲ್ಲಿ ನಿಂತು ಬಂದೆ, ಅಷ್ಟೆ.

ಕೊನೆಗೆ ಒಂದು ದಾಖಲೆ ಕಚೇರಿಯಲ್ಲಿ, ಗೆದ್ದಲು ತಿಂದ ಮರಣದ ಪುಸ್ತಕವೊಂದು ಕೈಗೆ ಬಂತು. 1918ರ ಅಕ್ಟೋಬರ್. ಪುಟದ ಮೇಲೆ ಪುಟ 'ಜ್ವರ', 'ಜ್ವರ', 'ಜ್ವರ'. ಆ ವರ್ಷದ ಇನ್‌ಫ್ಲುಯೆಂಜಾಕ್ಕೆ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಲಿಯಾದರು. ಅಂಕೆಯನ್ನು ಶಾಲೆಯಲ್ಲಿ ಓದಿದ್ದೆ. ಒಬ್ಬ ಗುಮಾಸ್ತನ ಕೈಬರಹ ದಿನದಿಂದ ದಿನಕ್ಕೆ ಅವಸರವಾಗುತ್ತ ಹೋದದ್ದನ್ನು ನೋಡಿದಾಗ ಮಾತ್ರ ಮೈ ಜುಮ್ಮೆಂದಿತು.

ಅಜ್ಜನ ಹೆಸರಿನವರು ಅದರಲ್ಲಿ ಮೂವರು ಸಿಕ್ಕಿದರು. ಮೂವರಿಗೂ ಇಪ್ಪತ್ತರ ಆಸುಪಾಸು ಪ್ರಾಯ, ಗಿರಣಿ ಕೆಲಸ. ಇಲ್ಲಿಯ ಪದ್ಧತಿಯಂತೆ ಹೆಸರಿನ ಮುಂದೆ ತಂದೆಯ ಹೆಸರು. ನಮ್ಮಲ್ಲಿಯೋ ಮನುಷ್ಯನ ಗುರುತು ತಾಯಿಯ ಮನೆ! ಅಜ್ಜಿಯ ತಂದೆಯ ಹೆಸರನ್ನು ನಮ್ಮ ಮನೆಯವರು ಯಾರೂ ನೆನಪಿಟ್ಟಿಲ್ಲ. ತರವಾಡು ಮನೆಯ ಹೆಸರನ್ನು ಇಲ್ಲಿಯವರು ಕೇಳಿಲ್ಲ. ಆ ಕಾಲಮೇ ಪುಸ್ತಕದಲ್ಲಿಲ್ಲ. ಆ ಮೂವರಲ್ಲಿ ಒಬ್ಬರು ನಮ್ಮವರಿರಬಹುದು, ಒಬ್ಬರೂ ಅಲ್ಲದಿರಲೂಬಹುದು.

ಚೌತಿಗೆ ಊರಿಗೆ ಹೊರಟೆ. ಮತ್ಸ್ಯಗಂಧ ಹೊರಡುವುದೂ ಕುರ್ಲಾ ಟರ್ಮಿನಸ್ಸಿನಿಂದಲೇ, ನೋಡಿ. ಮಧ್ಯಾಹ್ನ ಹತ್ತಿದರೆ ಬೆಳಗಾಗುವಷ್ಟರಲ್ಲಿ ನಮ್ಮ ಸೀಮೆ. ಅಜ್ಜನಿಗೆ ಈ ರೈಲಿರಲಿಲ್ಲ; ಹಡಗಿನ ಖರ್ಚಿಗೆ ಎಷ್ಟು ತಿಂಗಳು ಕೂಡಿಡಬೇಕಿತ್ತೋ.

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಪುಸ್ತಕದಿಂದ ಬರೆದುಕೊಂಡ ಚೀಟಿಯನ್ನು ತೋರಿಸಿದೆ. ಅವರು ತುಂಬ ಹೊತ್ತು ಅದನ್ನು ನೋಡಿದರು.

"ಮೂವರಲ್ಲಿ ಯಾರೆಂದು ಗೊತ್ತಾಗುವುದಿಲ್ಲವಾ?"

"ಇಲ್ಲಮ್ಮ."

"ಹಾಗಾದರೆ ಮೂರು ಎಲೆ ಹಾಕುವ," ಎಂದರು.