ಗ್ಯಾರೇಜ್ ಡೈರಿ 14: ಕೂದಲೆಳೆ ಬಿರುಕು

ಫೋಟೋ ಜೂಮ್ ಮಾಡಿ ನೋಡಿ. ಸಸ್ಪೆನ್ಷನ್ ಆರ್ಮ್ ಕೂರೋ ಬ್ರಾಕೆಟ್ ಹತ್ರ ಗೆರೆ ಕಾಣುತ್ತಲ್ಲ? ಬಿರುಕು. ವೆಲ್ಡಿಂಗ್ ನನ್ನದೇ. ಪೈಪ್ ತೂತಾದೀತು ಅಂತ ಹೆದರಿ ಕರೆಂಟ್ ಕಮ್ಮಿ ಇಟ್ಟಿದ್ದೆ. ಮೇಲೆ ಚೆಂದ ಕೂತಿತ್ತು, ಒಳಗೆ ಹಿಡಿದೇ ಇರಲಿಲ್ಲ.

ಅಪ್ಪನ ಹಳೇ ಮಾರುತಿ 800ರ ಎಂಜಿನ್ನು, ಗೇರ್‌ಬಾಕ್ಸ್ ಸಮೇತ ಬಗ್ಗಿಯ ಹಿಂದಕ್ಕೆ ಕೂರಿಸಿದ್ದು ನಿಮಗೆ ಗೊತ್ತೇ ಇದೆ. (ತಿರುಗಿಸಿ ಕೂರಿಸಿದ್ರೆ ನಾಲ್ಕು ರಿವರ್ಸ್, ಒಂದೇ ಫಾರ್ವರ್ಡ್! ಆ ತಪ್ಪು ಮಾಡ್ಲಿಲ್ಲ.) ಭಾನುವಾರ ತೋಟದಲ್ಲಿ ಒಬ್ನೇ ಒಂದು ಸುತ್ತು ಹೊಡೆದು ಬಂದೆ. ಎರಡನೇ ಸುತ್ತಿಗೆ ಮಗಳು ಹೆಲ್ಮೆಟ್ ಹಾಕ್ಕೊಂಡು ನಿಂತಿದ್ಳು. ನಟ್ಟು ಬಿಗಿ ಮಾಡೋಕೆ ಬಗ್ಗಿದಾಗ ಇದು ಕಣ್ಣಿಗೆ ಬಿತ್ತು.

ಬ್ರಾಕೆಟ್ ಅಷ್ಟೂ ಕೊಯ್ದು ಹಾಕಿದೀನಿ. ಈ ಸಲ ಮೊದಲು ತುಂಡು ಪೈಪಿಗೆ ವೆಲ್ಡ್ ಮಾಡಿ, ಅದನ್ನ ಕೊಯ್ದು, ಒಳಗೆ ಹಿಡಿದಿದೆಯಾ ನೋಡಿ ಆಮೇಲೇ ಕೂರಿಸೋದು. ಮನೇಲಿ ಮಾಡೋರು ನೀವೂ ಹಾಗೇ ಮಾಡಿ.

ಮಗಳು ಇನ್ನೂ ಮಾತು ಬಿಟ್ಟೇ ಇದಾಳೆ.