ಮೆಟ್ಟಿಲ ನಡುವೆ ಕುಳಿತವಳು



ದೇಶನೂರಿನಿಂದ ನಮ್ಮ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗಿಯು ಓಟದಲ್ಲಿ ಎಲ್ಲರಿಗಿಂತ ಮುಂದಿದ್ದಳು. ಆಕೆ ಶಾಲೆಯನ್ನು ಬಿಟ್ಟು ಹದಿನೈದು ವರುಷಗಳಾದ ಮೇಲೆ ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬಂದಾಗ, ಮಹಡಿಯನ್ನು ಏರಲಾರದೆ ಮೆಟ್ಟಿಲ ನಡುವೆಯೇ ಕುಳಿತುಬಿಟ್ಟಳು. ಸಂಸಾರದ ಸುಖವು ನಿನ್ನನ್ನು ಮೈಗಳ್ಳಿಯನ್ನಾಗಿ ಮಾಡಿತೇ ಎಂದು ನಾವು ನಗೆಯಾಡಿದೆವು. ಆಕೆಯೂ ನಕ್ಕಳು. ಆ ಮಾತಿಗಾಗಿ ನಾವು ಇಂದಿಗೂ ನಾಚುತ್ತಿರುವೆವು.

ಅದಾಗಲೇ ಎರಡು ವರುಷಗಳಿಂದ ಆಕೆ ಉಬ್ಬಸವೆಂದು ಔಷಧ ಸೇವಿಸುತ್ತಿದ್ದಳು. ಕೂಟವಾದ ಕೆಲವು ತಿಂಗಳಲ್ಲಿ ಶ್ವಾಸಕೋಶದಿಂದ ಗಾಳಿಯು ಸೋರಿ ಎದೆಯೊಳಗೆ ತುಂಬಿ, ಒಂದು ಶ್ವಾಸಕೋಶವು ಕುಸಿಯಿತು. ಬೆಂಗಳೂರಿನಲ್ಲಿ ಸಿ.ಟಿ. ಚಿತ್ರ ತೆಗೆಯಲಾಗಿ, ಎರಡು ಕಡೆಯೂ ತೆಳುಗೋಡೆಯ ಗುಳ್ಳೆಗಳು ಕಂಡವು. ರೋಗದ ಹೆಸರು ಲಿಂಫಾಂಜಿಯೋಲಿಯೋಮಯೋಮಾಟೋಸಿಸ್. ವೈದ್ಯರು ಚಿಕ್ಕದಾಗಿ ‘ಲ್ಯಾಮ್’ ಎನ್ನುವರು.

ಬಹು ವಿರಳವಾದ ಈ ರೋಗವು ಹೆಚ್ಚಾಗಿ ಸ್ತ್ರೀಯರಿಗೇ ಬರುವದು. ಟಿಎಸ್‌ಸಿ1 ಇಲ್ಲವೆ ಟಿಎಸ್‌ಸಿ2 ಎಂಬ ಜೀನು ಕೆಟ್ಟರೆ, ಜೀವಕೋಶದ ಬೆಳವಣಿಗೆಯನ್ನು ನಡಿಸುವ ಎಂಟಾರ್ ಎಂಬ ಅಂಶಕ್ಕೆ ತಡೆಯಿಲ್ಲದಾಗುವದು. ಗದ್ದೆ ತುಂಬಿದ ಮೇಲೂ ಕಾಲುವೆಯ ತೂಬನ್ನು ಮುಚ್ಚದಿದ್ದರೆ ಪೈರಿಗೆ ಏನಾಗುವದೆಂಬದನ್ನು ನಮ್ಮ ಸಿರುಗುಪ್ಪದ ಸೀಮೆಯವರಿಗೆ ಹೇಳಬೇಕಾಗಿಲ್ಲ. ಕೆಲವರಿಗೆ ಮೂತ್ರಪಿಂಡದಲ್ಲಿಯೂ ಗಡ್ಡೆಗಳು ಬೆಳೆಯುವವು.

‘ಜೀನು’ ಎಂಬ ಮಾತು ಕಿವಿಗೆ ಬಿದ್ದೊಡನೆ ಆಕೆಯ ತಂಗಿಗೆ ಗೊತ್ತಾಗಿದ್ದ ಸಂಬಂಧವು ನಿಂತುಹೋಯಿತು. ಪೋಷಕರು ಇದನ್ನು ಚೆನ್ನಾಗಿ ತಿಳಿಯಬೇಕು. ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ರೋಗದೊಂದಿಗೆ ಬರುವ ಲ್ಯಾಮ್ ವಂಶದಲ್ಲಿ ಇಳಿದುಬರಬಹುದು. ಆದರೆ ನಮ್ಮ ವಿದ್ಯಾರ್ಥಿನಿಗೆ ಬಂದದ್ದು ಬೇರೊಂದು ಬಗೆ. ಅದು ತಂದೆತಾಯಿಗಳಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗತಕ್ಕದ್ದೂ ಅಲ್ಲ. ವೈದ್ಯರ ಕಾಗದವನ್ನು ಹಿಡಿದು ನಾವೇ ಆ ಮನೆಗೆ ಹೋಗಿ ಓದಿ ಹೇಳಿದೆವು. ಸಂಬಂಧವು ಪುನಃ ಕೂಡಿತು.

ಈಗ ಆಕೆ ಸಿರೊಲಿಮಸ್ ಎಂಬ ಮಾತ್ರೆಯನ್ನು ಸೇವಿಸುತ್ತಿರುವಳು. ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಜೀವಿಯೊಂದರಲ್ಲಿ ಈ ಮದ್ದು ದೊರೆಯಿತು. ಕೆನಡಾದಲ್ಲಿ ಅದನ್ನು ಬೇರ್ಪಡಿಸಿದವರಲ್ಲಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇಂದ್ರನಾಥ ಸೆಹಗಲ್ಲರು ಮುಖ್ಯರು. 89 ಮಂದಿ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ ಫಲವು 2011ರಲ್ಲಿ ಪ್ರಕಟವಾಯಿತು. ಮದ್ದು ಸೇವಿಸಿದ ವರುಷವೆಲ್ಲ ಉಸಿರಿನ ಶಕ್ತಿಯು ನೆಲೆನಿಂತಿತು. ನಿಲ್ಲಿಸಿದೊಡನೆ ಪುನಃ ಇಳಿಯತೊಡಗಿತು. ಅಂದರೆ ಇದು ತೂಬನ್ನು ಮುಚ್ಚುವದು, ಕಳೆಯನ್ನು ಕೀಳಲಾರದು.

ಆದಕಾರಣ ವಿದ್ವಾಂಸರು ಎರಡು ಮದ್ದುಗಳನ್ನು ಜೋಡಿಸುವ ಯತ್ನದಲ್ಲಿರುವರು. ಇದು ಹೊಸ ಉಪಾಯವಲ್ಲ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟಾಗ ರೋಗಾಣುಗಳು ಅದಕ್ಕೆ ಮಣಿಯದಾದವು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗದಲ್ಲಿ ಎರಡು ಮದ್ದುಗಳನ್ನು ಕೂಡಿಸಿ ಕೊಟ್ಟಾಗ ಮನೆಯಲ್ಲಿದ್ದ ಬಡ ರೋಗಿಗಳೂ ಗುಣಹೊಂದಿದರು. ಲ್ಯಾಮಿನಲ್ಲಿ ಕಾರಣವು ಬೇರೆ. ಸಿರೊಲಿಮಸ್ ತಡೆದಾಗ ರೋಗದ ಕೋಶಗಳು ತಮ್ಮ ಒಳಗಿನದನ್ನೇ ತಿಂದು ಬದುಕುವವು. ಆ ಉಣಿಸನ್ನೂ ಕಟ್ಟಿಹಾಕಲು ಹೈಡ್ರಾಕ್ಸಿಕ್ಲೋರೋಕ್ವಿನ್ ಬಳಸಿ ನೋಡಿರುವರು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದವರು 13 ಮಂದಿ ಮಾತ್ರ. ಅವರು ಈ ಜೋಡಿಯನ್ನು ತಾಳಿಕೊಂಡರು. ಇದರಿಂದ ರೋಗವು ಅಳಿಯುವದೆಂದು ಇನ್ನೂ ಸಿದ್ಧವಾಗಿಲ್ಲ. ರೋಗಿಗಳು ಎಷ್ಟು ವಿರಳವೋ ಪ್ರಯೋಗಗಳ ನಡಿಗೆಯೂ ಅಷ್ಟು ನಿಧಾನ.

ಆಕೆಗೆ ಈ ಸಂಗತಿಗಳೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ತಪ್ಪದೆ ರಕ್ತಪರೀಕ್ಷೆ ಮಾಡಿಸಿಕೊಂಡು, ಮೆಲ್ಲನೆ ನಡೆದು, ಮನೆಗೆಲಸವನ್ನು ಸಾಗಿಸುತ್ತಿರುವಳು. ನಿಮ್ಮ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಏದುಸಿರು ಬಂದು ಉಬ್ಬಸದ ಮದ್ದಿಗೆ ಬಗ್ಗದಿದ್ದರೆ, ಅಥವಾ ಶ್ವಾಸಕೋಶವು ಒಮ್ಮೆಯಾದರೂ ಕುಸಿದರೆ, ನಮ್ಮಂತೆ ನಗೆಯಾಡದೆ ಶ್ವಾಸಕೋಶದ ತಜ್ಞರಿಗೆ ತೋರಿಸಬೇಕೆಂದು ಬೇಡಿಕೊಳ್ಳುವೆವು.

ಈ ವರುಷದಿಂದ ಹಳೆಯ ವಿದ್ಯಾರ್ಥಿನಿಯರ ಕೂಟವು ಕೆಳಗಣ ಹಜಾರದಲ್ಲಿಯೇ ನಡೆಯುವದು.